ಇದ್ದರೆ ಇರಲಿ ಎಂದು ಕಟ್ಟಿದ ಲಿಂಗ

ನಮ್ಮ ಮನೆಯಲ್ಲಿ ದೇವರ ವಿಷಯ ಎತ್ತಿದಾಗೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಉಳಿದವರಿಗೆ ದೇವರಿಂದ ಸಮಾಧಾನ ಸಿಗುತ್ತದಂತೆ. ನಮಗೆ ಸಿಕ್ಕಿದ್ದು ಜಗಳ. ನಾನು ಗಡಹಿಂಗ್ಲಜದಲ್ಲಿ ಹತ್ತನೆಯ ಇಯತ್ತೆವರೆಗೆ ಓದಿ ಇಚಲಕರಂಜಿಗೆ ಸೊಸೆಯಾಗಿ ಬಂದವಳು. ಇಲ್ಲಿ ಬರೆದಿರುವುದೆಲ್ಲ ನನ್ನ ಮಾವನವರ ಕೊನೆಯ ವರ್ಷದ್ದು. ಆಗ ನನ್ನ ಮಗಳು ಇನ್ನೂ ಕಂಕುಳು ಬಿಟ್ಟು ಇಳಿದಿರಲಿಲ್ಲ.

೧. ಮೊಳೆಗೆ ಹಾಕಿದ್ದು

ನಾವು ಲಿಂಗಾಯತರು. ಕೊರಳಲ್ಲಿ ಲಿಂಗವಿಲ್ಲದೆ ನೀರು ಮುಟ್ಟಬಾರದು. ಮಾವನವರು ನೀರನ್ನೂ ಕುಡಿಯುತ್ತಿದ್ದರು, ಎರಡು ಹೊತ್ತು ಊಟವನ್ನೂ ಮಾಡುತ್ತಿದ್ದರು. ಅವರ ಲಿಂಗ ಮಾತ್ರ ಬೆಳ್ಳಿಯ ಕರಡಿಗೆಯೊಳಗೆ ಕೂತು, ಹಿಂದಿನ ಶೆಡ್ಡಿನಲ್ಲಿ ಮಗ್ಗದ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಮಗ್ಗ ಓಡಿದರೆ ಅದೂ ಕುಣಿಯುತ್ತಿತ್ತು.

ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲು ಅವರ ಸಣ್ಣ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವರೇ ಕೊರಳಿನದನ್ನು ತೆಗೆದು ಆ ಮೊಳೆಗೆ ಹಾಕಿದರಂತೆ. ಅತ್ತೆ ದಿನಾ ಬೆಳಿಗ್ಗೆ ಕರಡಿಗೆಗೆ ವಿಭೂತಿ ಹಚ್ಚಿ ಕೈಮುಗಿದು, ಗಂಡನ ಕಡೆ ತಿರುಗಿ ಅದೇ ಮಾತು ಕೇಳುವರು:

“ಇಲ್ಲ ಅಂತೀರಿ. ಇದ್ದರ?”

“ಇದ್ದರ ಅವ ನನಗ ಉತ್ತರ ಕೊಡಬೇಕಾಗತೈತಿ. ಅದಕ್ಕ ಮುಖಾ ತೋರಸವಲ್ಲ.”

೨. ತಂಬಾಕಿನ ಶೋಧ

ಅರಳೆಯ ಧೂಳು ಕುಡಿದು ಕುಡಿದು ಮಾವನವರ ಕೆಮ್ಮು ಮಗ್ಗದ ಸದ್ದನ್ನೂ ಮೀರಿಸತೊಡಗಿತು. ಮರಾಠಿ ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, “ತಂಬಾಖೂ ಬಂದ್. ಅಗದೀ ಬಂದ್” ಅಂದರು. ನನ್ನ ಗಂಡನನ್ನು ಅಂಗಳಕ್ಕೆ ಕರೆದು ಹೇಳಿದ್ದು ಬೇರೆ. ಇನ್ನೊಂದು ದೀಪಾವಳಿ ಕಂಡರೆ ಹೆಚ್ಚು ಅಂತ.

ಅತ್ತೆ ಎಲ್ಲರೆದುರು ತಂಬಾಕಿನ ಚಂಚಿಯನ್ನೇ ಒಲೆಗೆ ಹಾಕಿದರು. ಆದರೂ ಮಾವನವರ ಬಾಯಿಯಿಂದ ಆ ವಾಸನೆ ಹೋಗಲಿಲ್ಲ. ನಾನು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಾಸಿಗೆ ಕೊಡವಿದೆ, ದಿಂಬು ಬಿಚ್ಚಿದೆ. ಅತ್ತೆಯೂ ಜೊತೆಗೆ ಹುಡುಕಿದರು.

“ಏನ ಹುಡುಕಾಕತ್ತಿ, ಮಗಳ?” ಅಂದರು ಮಾವ.

“ತಂಬಾಕ.”

“ಸಿಕ್ಕರ ನನಗೂ ಒಂದ ಚಿಟಿಕಿ ಕೊಡು.”

೩. ಎದುರಿಗೆ ತೋರಿಸಬಾರದು

ಡಾಕ್ಟರು ಕೈಬಿಟ್ಟಿದ್ದೇ ಅತ್ತೆ ದೇವರುಗಳನ್ನು ಹಿಡಿದರು. ಕೊಲ್ಲಾಪುರದ ಅಂಬಾಬಾಯಿ, ಗುಡ್ಡದ ಮೇಲಿನ ಜೋತಿಬಾ, ವಾಡಿಯ ದತ್ತ, ಶಿರೋಳದ ಹಾದಿಯಲ್ಲಿ ಒಂದು ದರ್ಗಾ. ಕೈತುಂಬ ದಾರಗಳು. ನನ್ನನ್ನೂ ಕರೆದುಕೊಂಡು ವಾಡಿಗೆ ಹೋಗುವ ಮೋಟಾರು ಹತ್ತಿದೊಡನೆ ದರ್ಗಾದ ದಾರವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವರು.

“ದೇವರಿಗೆ ಎಲ್ಲಾ ಕಾಣತೈತಿ ಅಂತೀರಿ, ಮತ್ತ ಯಾಕ ಮುಚ್ಚತೀರಿ ಅತ್ತಿ?” ಅಂದೆ.

“ಕಾಣತೈತಿ. ಆದ್ರೂ ಎದುರಿಗೆ ತೋರಸಬಾರದು.”

ನಗು ಬಂತು. ಆದರೆ ಅವರು ಕಿಟಕಿಯಾಚೆಯ ಕಬ್ಬಿನ ಕಡೆ ನೋಡುತ್ತ ಮೆಲ್ಲಗೆ ಅಂದರು: “ನೀ ನಗತಿ. ಏನೂ ಇಲ್ಲಂದ್ರ ಹೋಗಲಿ ಬಿಡು, ನನ್ನ ಕಾಲ ನೊಂದಿದ್ದಷ್ಟ. ಇದ್ದರ? ತೀರಿಹೋದ ಆ ಕೂಸು ಅಲ್ಲಿ ಒಂಟಿ ಐತಿ. ಇವರು ಲಿಂಗ ಇಲ್ಲದ ಹೋಗಿ ಬ್ಯಾರೆ ಕಡೆ ಬಿದ್ದರ, ಅದನ್ನ ಯಾರ ನೋಡಬೇಕು?”

ನನ್ನ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಮನೆಗೆ ಬಂದ ಮೇಲೆ ದಾರಗಳನ್ನು ನೋಡಿ ಮಾವನವರೇ ಅಂದರು:

“ನಿಮ್ಮತ್ತಿಗೆ ಯಾ ದೇವರ ಮ್ಯಾಲೂ ಪೂರಾ ನಂಬಿಕಿ ಇಲ್ಲ. ನನಗೂ ಇಲ್ಲ. ಅದಕ್ಕ ಸಂಸಾರ ಇಷ್ಟ ವರ್ಷ ನಡದೈತಿ.”

೪. ಅಯ್ಯನವರ ಬಾಟ್ಲಿ

ಕೊನೆಗೆ ಅತ್ತೆ ಗಡಹಿಂಗ್ಲಜ ಕಡೆಯ ಜಂಗಮ ಅಯ್ಯನವರನ್ನು ಕರೆಸಿದರು. ಅವರು ಜಮಖಾನೆಯ ಮೇಲೆ ಕೂತು, ಹಾಲು ಕುಡಿದು, ಶುರು ಮಾಡಿದರು.

“ಯಜಮಾನ್ರ, ನಂಬಿದ್ರ ನಿಮ್ಮದೇನ ಹೋಗತೈತಿ? ಶಿವ ಇದ್ದಾನಂದ್ರ ಎಲ್ಲಾ ಬಂತು. ಇಲ್ಲಂದ್ರ ಒಂದ ದಾರದ ಭಾರ.”

ಇಷ್ಟು ಹೇಳುವಷ್ಟರಲ್ಲಿ ಅವರಿಗೇ ಕೆಮ್ಮು ಹತ್ತಿತು. ಜೋಳಿಗೆಗೆ ಕೈಹಾಕಿ ಕೆಂಪು ಔಷಧದ ಬಾಟ್ಲಿ ತೆಗೆದು ಒಂದು ಗುಟುಕು ಕುಡಿದರು.

“ಶಿವ ಇರಬೇಕಾದ್ರ ಬಾಟ್ಲಿ ಯಾಕ್ರಿ ಅಯ್ಯಾರ?” ಅಂದರು ಮಾವ.

ಅಯ್ಯನವರು ಬಿರಡೆ ತಿರುವುತ್ತ, “ಇರಲಿ ಅಂತ” ಅಂದರು.

ಮಾವನವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿನಲ್ಲಿ ರಕ್ತ ಕಂಡಿತು. ಬಾಯಿ ಒರೆಸಿಕೊಂಡು ಅತ್ತೆಯನ್ನು ಕರೆದರು. “ನಂಬಿದಾಂವ ಇರಲಿ ಅಂತ ಒಂದ ಬಾಟ್ಲಿ ಇಟ್ಟಾನ. ನಂಬದಾಂವ ಇರಲಿ ಅಂತ ಒಂದ ಲಿಂಗ ಇಟ್ಟರ ತಪ್ಪೇನಿಲ್ಲ. ತಂದು ಕಟ್ಟು.”

ಅತ್ತೆ ಶೆಡ್ಡಿಗೆ ಓಡಿದರು. ಮೊಳೆಯಿಂದ ಕರಡಿಗೆ ತಂದು ತಮ್ಮ ಕೈಯಿಂದಲೇ ಅವರ ಕೊರಳಿಗೆ ಕಟ್ಟಿದರು.

ಅಂದಿನಿಂದ ಮಾವನವರು ಬೇರೆಯೇ ಮನುಷ್ಯ. ಬೆಳಿಗ್ಗೆ, ಸಂಜೆ, ಊಟವಾದ ಮೇಲೆ, ಗೋಡೆಗೆ ಮುಖ ಮಾಡಿ ಕೂರುವರು. ತಲೆಯ ಮೇಲೆ ಧೋತರ, ಎಡಗೈ ಅಂಗೈಯಲ್ಲಿ ಲಿಂಗ ಇಟ್ಟು ನೋಡುವವರ ಹಾಗೆ ಬಾಗಿದ ತಲೆ, ಬಲಗೈ ಹೆಬ್ಬೆರಳು ಮೆಲ್ಲಗೆ ಆಡುತ್ತಿರುತ್ತಿತ್ತು.

“ಈಗ ನಂಬತೀರೇನ್ರಿ ಮಾವನೋರ?” ಅಂತ ಒಂದು ದಿನ ಕೇಳಿದೆ.

“ನಿಮ್ಮತ್ತಿ ಮುಖಾ ನೋಡು ಮಗಳ. ಇಷ್ಟ ಸಸ್ತಾದಾಗ ಆಕಿನ್ನ ನಾ ಎಂದೂ ನಗಸಿರಲಿಲ್ಲ.”

ಮತ್ತೆ ನೋಡಲು ಬಂದ ಅಯ್ಯನವರಂತೂ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು. “ಆ ಬೆರಳ ನೋಡ್ರಿ. ಜಪಾ ನಡದೈತಿ.”

೫. ಎರಡು ಕೈ

ದೀಪಾವಳಿ ಬರಲಿಲ್ಲ, ಮಾವನವರು ಹೋದರು. ಮಗ್ಗ ನಿಲ್ಲಿಸಿದೆವು. ನಮ್ಮ ಓಣಿಯಲ್ಲಿ ಸದ್ದಿಲ್ಲದ ಮನೆ ಅಂದರೆ ಸಾವಿನ ಮನೆಯೇ.

ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಲಿಂಗವನ್ನು ಎಡಗೈಯಲ್ಲಿ ಇಟ್ಟೇ ಮಣ್ಣಿಗೆ ಕಳಿಸಬೇಕು. ಅಯ್ಯನವರು ಕೊರಳಿನ ಕರಡಿಗೆ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ತಂಬಾಕು. ಮೂಲೆಯಲ್ಲಿ ಒಂದಿಷ್ಟು ಸುಣ್ಣ.

ಅಳುತ್ತಿದ್ದವರು ಅಳು ನಿಲ್ಲಿಸಿದರು. “ಲಿಂಗ ಎಲ್ಲೈತಿ? ಲಿಂಗ ಇಲ್ಲದ ಹೆಂಗ ಕಳಸೂದು?” ಅಂದರು ಅಯ್ಯನವರು. ನಾನು ಅತ್ತೆಯ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಮೋಟಾರಿನಲ್ಲಿ ಅವರು ಆಡಿದ ಮಾತು ನನಗೊಬ್ಬಳಿಗೇ ಗೊತ್ತಿತ್ತು.

ಅತ್ತೆ ಸೆರಗಿನೊಳಗೆ ಕೈಹಾಕಿ ತಮ್ಮ ಕೊರಳಿನ ದಾರ ಎಳೆದರು. ಒಂದೇ ದಾರಕ್ಕೆ ಎರಡು ಲಿಂಗ ಇದ್ದವು.

“ತಗೋರಿ, ಇದು ಅವರದು. ಡಾಕ್ಟರ ಬಂದ ದಿನಾನ ಇದನ್ನ ಕಿಸೇಕ ಹಾಕಿ, ಕರಡಗ್ಯಾಗ ತಂಬಾಕ ತುಂಬಿದ್ರು. ಅಂಗಿ ಒಗಿಯೂವಾಗ ಸಿಕ್ತು. ಅವತ್ತಿಂದ ಇಬ್ಬರ ಪೂಜಾನೂ ನಾನ ಮಾಡೇನಿ.”

“ಮತ್ತ ಇದರಾಗಿನ ತಂಬಾಕ?” ಅಂದೆ. ದಿಂಬು ಬಿಚ್ಚಿ ಹುಡುಕಿದವಳು ನಾನು.

“ತೀರಿದಾಗ ತುಂಬತಿದ್ದೆ. ಹೆಂಗೂ ಹೊಂಟಾವರು, ಕಾಡೂದ್ಯಾಕ?”

ಅಯ್ಯನವರು ಲಿಂಗವನ್ನು ಮಾವನವರ ಎಡಗೈಯಲ್ಲಿಟ್ಟು ಬೆರಳು ಮಡಚಿದರು. ಕರಡಿಗೆಯನ್ನು ಪಕ್ಕಕ್ಕೆ ಸರಿಸಹೋದಾಗ ಅತ್ತೆ ತಡೆದರು.

“ಅದನ್ನ ಬಲಗೈಯಾಗ ಇಡ್ರಿ.”

“ಯವ್ವಾ, ತಂಬಾಕನ್ನ?”

“ಹೌದ್ರಿ. ದೇವರು ಇದ್ದರ ಇವರು ಎಡಗೈ ತೋರಸ್ತಾರ, ಕೂಸು ಸಿಗತೈತಿ. ಇರಲಿಲ್ಲಂದ್ರ? ಅಲ್ಲಿ ಒಬ್ಬರ ಕುಂಡರಬೇಕು, ಹೊತ್ತರ ಹೋಗಬೇಕಲ್ಲ.”