ಗೊಂಬೆಗೆ ಹೊಟ್ಟೆ ಬರಿಸಿದ್ದು

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಅವರಿಗೆ ಸೀರೆ ಮಾರಲು ಬರುವುದಿಲ್ಲ. ಇದನ್ನು ಅವರ ಮುಂದೆಯೇ ಹೇಳಿದ್ದೇನೆ, ಅವರು ಒಪ್ಪಿಯೂ ಇದ್ದಾರೆ. ಶಹಾಪುರದಲ್ಲಿ ತಮ್ಮ ಅಪ್ಪನ ಕಾಲದ ಸೀರೆ ಅಂಗಡಿ ಇಟ್ಟುಕೊಂಡು, ಬಂದ ಹೆಂಗಸರಿಗೆ "ಇದು ನಿಮಗ ಒಪ್ಪೂದಿಲ್ರಿ, ಬ್ಯಾಡ" ಎನ್ನುವವರನ್ನು ಯಾರಾದರೂ ವ್ಯಾಪಾರಿ ಎಂದಾರೆಯೇ?

ಎದುರಿಗೆ ಗಾಜಿನ ಗೋಡೆಯ ದೊಡ್ಡ ಮಳಿಗೆ ಎದ್ದಮೇಲೆ ಮಾಮಾಗೂ ಅಂಗಡಿಯಲ್ಲಿ ಅವರ ಜೊತೆಗಿದ್ದ ನನಗೂ ನೊಣ ಹೊಡೆಯುವುದೇ ಕೆಲಸವಾಯಿತು. ಖಾನಾಪುರದ ಕಡೆಯ ಹಳೇ ಗಿರಾಕಿಗಳೂ ಅತ್ತ ನಡೆದರು.

"ಈ ಲಗ್ನದ ಸೀಸನ್ ನೋಡೂದು. ಆಗಲಿಲ್ಲಂದ್ರ ಮೊಬೈಲ್ ಅಂಗಡ್ಯಾಂವಗ ಬಾಡಗಿ ಕೊಡೂದು," ಎಂದರು ಮಾಮಾ.

ಮಾಮಿ ಅಂದು ಊಟ ಮಾಡಲಿಲ್ಲ. ಅಂಗಡಿಯೆಂದರೆ ಅವರಿಗೂ ಅಷ್ಟು ಜೀವ. ಆದರೂ ಅಲ್ಲಿಯ ಒಂದು ಬಣ್ಣದ ಸೀರೆಯನ್ನಾದರೂ ಉಟ್ಟವರಲ್ಲ. "ನನ್ನ ಈ ದಪ್ಪ ಮೈಗೆ ಎಲ್ಲಿ ಒಪ್ಪತೈತ್ರಿ" ಎನ್ನುತ್ತ ಕಂದು, ಬೂದಿ ಬಣ್ಣಗಳಲ್ಲೇ ಸಂಸಾರ ಸಾಗಿಸಿದ್ದರು.

ಶೋಕೇಸಿನಲ್ಲಿ ಗೊಂಬೆ ನಿಲ್ಲಿಸಲು ನಾನೇ ಹೇಳಿದೆ. ಗೊಂಬೆ ಬಂತು. ಬೆಳ್ಳಗೆ, ಎತ್ತರಕ್ಕೆ, ಹಿಡಿಯಷ್ಟು ಸೊಂಟ. ಮಾಮಾ ಅದರ ಸುತ್ತ ಪ್ರದಕ್ಷಿಣೆ ಹಾಕಿ ಮುಖ ಸಿಂಡರಿಸಿದರು.

"ಇಷ್ಟು ಸಣ್ಣ ನಡಾ ನಮ್ಮ ಗಿರಾಕಿಯೊಳಗ ಯಾರಿಗೈತಿ? ಇಕಿ ಮೈಮ್ಯಾಲ ನೋಡಿ ಸೀರಿ ಒಯ್ತಾರ, ಮನ್ಯಾಗ ಉಟ್ಟು ಅಳತಾರ. ಇದು ಮೋಸ."

"ಮತ್ತೇನ ಮಾಡೂಣು ಮಾಮಾ?"

"ಇಕಿಗೆ ಹೊಟ್ಟಿ ಬರಸೂಣು."

ಮರುದಿನ ಸ್ಕೂಟರಿನಲ್ಲಿ ಹೊರಟೆವು. ಮುಂದೆ ಮಾಮಾ, ಹಿಂದೆ ನಾನು, ನಡುವೆ ಚಾದರ ಹೊದ್ದ ಗೊಂಬೆ. ಖಾಸಬಾಗದಲ್ಲಿ ಪೊಲೀಸರು ತಡೆದರು.

"ಮೂರು ಮಂದಿ! ಅಕ್ಕಾರ ತಲಿಗೆ ಹೆಲ್ಮೆಟ್ ಎಲ್ಲೈತಿ?"

"ಸಾಹೇಬ್ರ, ಅಕಿ ತಲೀನ ಡಿಕ್ಕ್ಯಾಗ ಐತ್ರಿ," ಎಂದರು ಮಾಮಾ.

ಚಾದರ ಸರಿಸಿ ನೋಡಿದ ಅವರು ದಂಡ ಹಾಕುವುದನ್ನೇ ಮರೆತರು.

ಆಟೋ ನಗರದಲ್ಲಿ ಕಾರಿನ ಡೆಂಟು ತೆಗೆಯುವ ಮೇಸ್ತ್ರಿ ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿದರು. "ಹೊಟ್ಟಿ ಎಷ್ಟು ಬರಬೇಕ್ರಿ?"

ಮಾಮಾ ನನಗೆ ಕಾಣದಂತೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ತಗ್ಗು ತುಂಬಲು ಕಾರಿನ ಬಾಗಿಲಿಗೆ ಮೆತ್ತುವ ಲಾಂಬಿಯನ್ನೇ ಹೊಟ್ಟೆಗೆ, ತೋಳಿಗೆ ಮೆತ್ತಿ, ಕಾಲು ಗಿಡ್ಡ ಮಾಡಿ, ಮೇಸ್ತ್ರಿ ಗೋಧಿ ಬಣ್ಣ ಹೊಡೆದರು.

ಗಿಳಿಹಸಿರು ಸೀರೆ ಉಡಿಸಿ ಶೋಕೇಸಿನಲ್ಲಿ ನಿಲ್ಲಿಸಿದೆವು. ನಾನಂತೂ ಅಂಗಡಿ ಮುಗಿಯಿತೆಂದೇ ತಿಳಿದಿದ್ದೆ. ಗಾಜಿನ ಮಳಿಗೆಗೆ ಹೊರಟಿದ್ದ ಖಾನಾಪುರದ ಹೆಂಗಸೊಬ್ಬರು ಗಕ್ಕನೆ ನಿಂತರು.

"ಅಗಬಾಯಿ, ಇಕಿ ಥೇಟ್ ನಮ್ಮಂಗ ಅದಾಳ!"

ನಗುತ್ತ ಒಳಗೆ ಬಂದವರು ಲಗ್ನದ ಸೀರೆಗಳನ್ನೆಲ್ಲ ಕೊಂಡೇ ಎದ್ದರು. ಆಮೇಲೆ ಅವರ ಬೀಗರು, ಬೀಗರ ನೆರೆಯವರು. ಮೊಬೈಲ್ ಅಂಗಡಿಯವನಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿಯಾಯಿತು. ಆದರೆ ಗೊಂಬೆಯ ಮೈಮೇಲಿನ ಆ ಹಸಿರು ಸೀರೆಯನ್ನು ಯಾರೆಷ್ಟು ಕೇಳಿದರೂ "ಅದು ಮಾರೂದಲ್ರಿ" ಎನ್ನುತ್ತಲೇ ಬಂದರು ಮಾಮಾ. ನಾನು ಹಣೆ ಚಚ್ಚಿಕೊಂಡೆ.

ಸೀಸನ್ ಮುಗಿದ ಸಂಜೆ ಆ ಸೀರೆಯನ್ನು ಮಡಚಿ ಮನೆಗೆ ತಂದು ಮಾಮಿಯ ಮಡಿಲಿಗಿಟ್ಟರು.

"ನನ್ನ ಮೈಗೆ ಇದೆಲ್ಲಿ..."

"ಇಡೀ ಖಾನಾಪುರ ನಿಂತು ನೋಡೇತಿ. ಆ ಗೊಂಬಿ ಅಳತಿ ನಿಂದ."

ಮಾಮಿ ಸೆರಗು ಬಿಡಿಸಿ ಹೆಗಲ ಮೇಲೆ ಹಾಕಿ ನೋಡಿಕೊಂಡರು. ಮರುದಿನ ಗಿಳಿಹಸಿರು ಉಟ್ಟು, ನಾಚುತ್ತ ಅಂಗಡಿಯ ಮೆಟ್ಟಿಲು ಹತ್ತಿದರು. ನನಗೆ ಕಣ್ಣು ತುಂಬಿ ಬಂತು. ಗೊಂಬೆಗೆ ಬೇರೆ ಸೀರೆ ಉಡಿಸುತ್ತಿದ್ದ ಮಾಮಾ ತಿರುಗಿ ನೋಡಿ, ಯಾವ ಗಿರಾಕಿಗೂ ಹೇಳದ ಮಾತನ್ನು ಹೇಳಿದರು:

"ಭಾಳ ಒಪ್ಪತೈತಿ."