ತಂತಿ ಬಂದೈತಿ

ಗಿಟಾರು ಹಿಡಿದವನ ಬೆನ್ನಿಗೆ ಇಂಥ ಪಜೀತಿಗಳು ಬಿದ್ದೇ ಇರುತ್ತವೆ. ಮೊದಲೇ ಗೊತ್ತಿದ್ದರೆ ನಾನು ಡೋಲು ಹಿಡಿಯುತ್ತಿದ್ದೆ.

ತೊಂಬತ್ತರ ದಶಕ. ಕೂಡ್ಲಿಗಿಯಲ್ಲಿ ನನ್ನದು ಟೇಲರ್ ಅಂಗಡಿ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾ. ನನ್ನ ಗಿಟಾರು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವಂಥದ್ದು; ಸ್ವರ ಅಳುವಿನಂತೆ ಎಳೆದೆಳೆದು ಬರುತ್ತದೆ. ಶ್ರುತಿಗೆ ಏರಿಸಿದಾಗಲೆಲ್ಲ ಮೊದಲ ತಂತಿ ಪಟ್ಟನೆ ಹರಿಯುತ್ತಿತ್ತು. ಹಗರಿಬೊಮ್ಮನಹಳ್ಳಿಯ ದೊಡ್ಡ ಮದುವೆ ಹತ್ತಿರ ಬಂದಿತ್ತು. "ಭಾನುವಾರದೊಳಗ ಸರಿಯಾದ ಗೇಜಿನ ತಂತಿ ಹಾಕ್ರಿ, ಇಲ್ಲಾಂದ್ರ ನಿಮ್ಮ ಜಾಗಕ್ಕ ಕೀಬೋರ್ಡಿನಾವ ಬರ್ತಾನ" ಎಂದ ಆರ್ಕೆಸ್ಟ್ರಾ ಮಾಲೀಕ. ಗೇಜ್ ಅಂದರೆ ತಂತಿಯ ದಪ್ಪ. ನನಗೆ ಗೊತ್ತಿದ್ದದ್ದು ಅಷ್ಟೇ.

ಹದಿಮೂರು

ಗಿಟಾರು ಕಲಿಸಿದ ಮೇಷ್ಟ್ರು "ಹದಿಮೂರು ಹಾಕು" ಅಂದಿದ್ದರು. ಊರಲ್ಲಿ ತಂತಿ ಮಾರುವುದು ಹಾರ್ಡ್‌ವೇರ್ ಅಂಗಡಿ. ಹದಿಮೂರು ಗೇಜ್ ಕೇಳಿದೆ. ಅಂಗಡಿಯವರು ಬೇಲಿಗೆ ಬಿಗಿಯುವ ತಂತಿಯ ಸುರುಳಿಯನ್ನೇ ಉರುಳಿಸಿಕೊಂಡು ಬಂದರು.

"ಸಣ್ಣದು ಬೇಕ್ರಿ."

"ಹಂಗಾರ ನಂಬರ್ ಏರಸ್ರಿ."

"ಮೇಷ್ಟ್ರು ಸಣ್ಣದಕ್ಕ ಇಳಸು ಅಂತಾರಲ್ರಿ."

ಗಿಟಾರಿನಲ್ಲಿ ನಂಬರ್ ಏರಿದರೆ ತಂತಿ ದಪ್ಪ, ಅವರಲ್ಲಿ ನಂಬರ್ ಏರಿದರೆ ಸಣ್ಣ. ಇಬ್ಬರಿಗೂ ತಲೆ ಕೆಟ್ಟಿತು. ಕಡೆಗೆ ಅವರೇ, "ನಂಬರ್ ಬಿಡ್ರಿ. ಒಳಗ ಕಟ್ಟೋದು ಎಮ್ಮೀನೋ ಕುರೀನೋ, ಅಷ್ಟ ಹೇಳ್ರಿ" ಅಂದರು.

ಬ್ರಾಡ್‌ಗೇಜ್

ಕೊಟ್ಟೂರಿನ ಸೋದರಮಾವ ರೈಲ್ವೆಯಲ್ಲಿ ಹಳಿ ಕಾಯ್ದವರು. ಆಗಷ್ಟೇ ಆ ಕಡೆಯ ಹಳಿಯೆಲ್ಲ ಅಗಲವಾಗುತ್ತಿದ್ದ ಕಾಲ.

"ಮಾವ, ಯಾವ ಗೇಜ್ ಹಾಕ್ಲಿ?"

"ಅದೇನ್ ಕೇಳ್ತಿಯಲೇ, ಬ್ರಾಡ್ ಹಾಕು. ಮೀಟರ್‌ಗೇಜಿನ ಕಾಲ ಮುಗೀತು."

ಹಿರಿಯರ ಮಾತೆಂದು ಮೇಷ್ಟ್ರ ಹತ್ತಿರವಿದ್ದ ದಪ್ಪ ತಂತಿ ತಂದು ಅವರೆದುರೇ ಬಿಗಿದೆ. ತಂತಿ ಹರಿಯಲಿಲ್ಲ, ತಂತಿ ಕಟ್ಟಿದ ಪಟ್ಟಿಯೇ ಕಿತ್ತುಬಂದು ಮಾವನ ಚಹಾದ ಲೋಟಕ್ಕೆ ಬಿತ್ತು. ಮಾವ ಅದನ್ನೆತ್ತಿ ನೋಡಿ, "ಗೇಜ್ ಸರಿ ಐತಿ. ಸ್ಟೇಷನ್ ಸಣ್ಣದಾತು" ಅಂದರು.

ತಂತಿ

ಪಟ್ಟಿ ಅಂಟಿಸಿಕೊಂಡು, ಎಸ್‌ಟಿಡಿ ಬೂತಿನಿಂದ ದಾವಣಗೆರೆಯ ಸಂಗೀತದಂಗಡಿಗೆ ಫೋನ್ ಮಾಡಿ ಗೇಜ್ ಅವರಿಗೇ ಬಿಟ್ಟೆ. ತಂತಿಯನ್ನು ಬಸ್ಸಿನಲ್ಲಿ ಹರಪನಹಳ್ಳಿಗೆ ಕಳಿಸುವುದು, ನಾನು ಅಲ್ಲಿಂದ ತರುವುದು ಎಂದಾಯಿತು. ಅದು ತಲುಪಿದ ಸುದ್ದಿ ಬೂತಿಗೆ ಬಂದಾಗ ನಾನು ಮನೆಯಲ್ಲಿರಲಿಲ್ಲ. ಬೂತಿನವನು ನನ್ನ ಹೆಂಡತಿಗೆ, "ತಂತಿ ಬಂದೈತ್ರಿ, ಹರಪನಹಳ್ಳಿಗೆ ಲಗೂನ ಹೋಗ್ಬೇಕಂತ" ಅಂದು ಹೋದ.

ಆಗ ತಂತಿ ಬಂತೆಂದರೆ ಟೆಲಿಗ್ರಾಂ, ಟೆಲಿಗ್ರಾಂ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಹರಪನಹಳ್ಳಿ ಅವಳ ತವರು, ಅವಳ ತಾಯಿಗೆ ಜ್ವರ ಬೇರೆ. ನಾನು ಬರುವಷ್ಟರಲ್ಲಿ ಓಣಿಯೇ ಅಳುತ್ತಿತ್ತು.

"ಅದು ಗಿಟಾರಿನ ತಂತಿ ಕಣೇ."

"ಸುಳ್ಳು ಹೇಳಿ ಸಮಾಧಾನ ಮಾಡಬ್ಯಾಡ್ರಿ" ಎಂದು ಇನ್ನೂ ಜೋರು ಅತ್ತಳು. ನನಗೂ ಅನುಮಾನ ಹತ್ತಿತು. ಹರಪನಹಳ್ಳಿ ಬಸ್ಸು ಹಿಡಿದೆವು. ಬಗಲಲ್ಲಿ ಗಿಟಾರು, ಪಕ್ಕದಲ್ಲಿ ಅಳುವ ಹೆಂಡತಿ. ಬಸ್ಸಿನವರೆಲ್ಲ ನನ್ನನ್ನು ಕೆಕ್ಕರಿಸಿ ನೋಡಿದರು.

ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಮಗಳು ತಬ್ಬಿಕೊಂಡು ಮತ್ತೆ ಅತ್ತಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಪೊಟ್ಟಣ ತಂದು, ಅಲ್ಲೇ ಕೂತು ತಂತಿ ಹಾಕಿ ಶ್ರುತಿಗೆ ಏರಿಸಿದೆ. ಹರಿಯಲಿಲ್ಲ. ಹೋದ ಜೀವ ಬಂದಂತಾಗಿ, ಕಣ್ಣು ಮುಚ್ಚಿ ಉಕ್ಕು ಜಾರಿಸಿ ಜಾರಿಸಿ ನುಡಿಸಿದೆ.

ಕಣ್ಣು ಬಿಟ್ಟರೆ ಬಾಗಿಲ ತುಂಬ ಅಕ್ಕಪಕ್ಕದ ಹೆಂಗಸರು, ಎಲ್ಲರ ಸೆರಗೂ ಕಣ್ಣಿಗೆ. "ಯಾವಾಗ ಹೋದ್ರವ್ವ?" ಎಂದಳು ಒಬ್ಬಾಕೆ.

ಅತ್ತೆ ಎದ್ದು ಬಂದರು. "ನಾನಿನ್ನೂ ಅದೀನ್ರವ್ವ. ಅದು ನಮ್ಮ ಅಳಿಯಾರು ಭಾನುವಾರ ಮದಿವ್ಯಾಗ ನುಡಿಸೋದು."

ಆಕೆ ಸೆರಗು ಇಳಿಸಲಿಲ್ಲ. "ಅಯ್ಯೋ ಪಾಪ, ಯಾರದವ್ವ ಮದಿವಿ?"