ಕಾಲೇಜಿಗೇ ಒಂದು ಪರೀಕ್ಷೆ

ಪತ್ರದ ಮೊದಲ ಪದವೇ 'ಅಭಿನಂದನೆಗಳು' ಆಗಿತ್ತು. ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ನೆರಳಪ್ಪನನ್ನು ಈ ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಅಭಿನಂದಿಸಿರಲಿಲ್ಲ. ಅದು ಅವನ ನಿಜವಾದ ಹೆಸರಲ್ಲ. ಎಕ್ಸ್‌ರೇ ಸೆಂಟರಿನಲ್ಲಿ ಐದು ವರ್ಷದಿಂದ ಜನರ ಎಲುಬುಗಳ ನೆರಳು ಹಿಡಿಯುತ್ತಿದ್ದವನಿಗೆ ಜೊತೆಯವರು ಇಟ್ಟದ್ದು. ಡಾಕ್ಟರಾಗುವ ಆಸೆಯಿಂದ ನಾಲ್ಕು ಸಲ ಪ್ರವೇಶ ಪರೀಕ್ಷೆ ಬರೆದು, ನಾಲ್ಕು ಸಲವೂ ಮೆಟ್ಟಿಲವರೆಗೆ ಹೋಗಿ ವಾಪಸು ಬಂದಿದ್ದ. ಈಗ, ಅರ್ಜಿ ಹಾಕಿ ಆನ್‌ಲೈನ್ ಪರೀಕ್ಷೆ ಬರೆದಿದ್ದ ಯಾವುದೋ ದೂರದೇಶದ ಮೆಡಿಕಲ್ ಕಾಲೇಜು ಬಾಗಿಲು ತೆರೆದು ನಿಂತಿತ್ತು. ಇವತ್ತೇ ಸಂಜೆ ಐದರೊಳಗೆ ಒಪ್ಪಿಗೆ ಮತ್ತು ಎದೆಯ ಎಕ್ಸ್‌ರೇ ಕಳಿಸಬೇಕು. ತಪ್ಪಿದರೆ ಸೀಟಿಲ್ಲ.

ಪತ್ರವನ್ನು ಪ್ರಿಂಟ್ ತೆಗೆದು ಫಿಲ್ಮ್ ನೋಡುವ ಲೈಟ್ ಬಾಕ್ಸಿಗೆ ಸಿಕ್ಕಿಸಿದ. ಮುರಿತ, ಬಿರುಕು, ಕಲೆ, ಏನೂ ಕಾಣಲಿಲ್ಲ. ಅವನ ಅನುಭವದಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ.

"ಪತ್ರದ ಮೇಲಿನ ಫೋಟೋ ನೋಡಿದ್ಯಾ?" ರಿಸೆಪ್ಶನ್ನಿನ ಹುಡುಗಿ ಅವನ ಭುಜದ ಮೇಲಿಂದ ಇಣುಕಿದಳು. "ಹುಡುಗ್ರು ಹುಡುಗೀರು ಎಲ್ಲ ನಗ್ತಾ ಇದಾರೆ. ಮೆಡಿಕಲ್ ಓದೋರು ಎಲ್ಲಾದ್ರೂ ನಗ್ತಾರೇನೋ?"

ನೆರಳಪ್ಪ ಫೋಟೋಗೆ ಮೂಗು ತಾಗಿಸಿ ನೋಡಿದ. ಇದು ಅವನಿಗೆ ಹೊಳೆದೇ ಇರಲಿಲ್ಲ.

ಹತ್ತು ಗಂಟೆಗೆ ಕೆಳಗಿನ ಜೆರಾಕ್ಸ್ ಅಂಗಡಿಯವನು, ಕರೆಯದಿದ್ದರೂ, ಮೇಲೆ ಬಂದ. "ಏನಪ್ಪಾ, ಫಾರಿನ್ ಅಂತೆ? ನಮ್ಮ ಕಟಿಂಗ್ ಶಾಪಿನವನ ಅಳಿಯನೂ ಹಿಂಗೇ ಹೋದ. ಆರು ವರ್ಷ ಓದಿ ಬಂದ, ಆ ಡಿಗ್ರಿ ಎಲ್ಲೂ ನಡೀಲಿಲ್ಲ. ಈಗ ಮಾವನ ಅಂಗಡೀಲಿ ಕೂದಲು ಗುಡಿಸ್ತಾನೆ. ಜನ ಮಾತ್ರ 'ಡಾಕ್ಟ್ರೇ, ಸ್ವಲ್ಪ ಈ ಕಡೇನೂ ಗುಡಿಸಿ' ಅಂತಾರೆ."

ಆರು ವರ್ಷ! ನೆರಳಪ್ಪನಿಗೆ ಕೈಯಲ್ಲಿ ಪೊರಕೆ ಹಿಡಿದಂತೆಯೇ ಆಯಿತು. ಕಾಲೇಜಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಯಾರೋ ಎತ್ತಿ ಸಕ್ಕರೆಯಂಥ ದನಿಯಲ್ಲಿ ಮಾತಾಡಿದರು. ಗಾಬರಿಯಾಗಿ ಇಟ್ಟುಬಿಟ್ಟ.

"ಮೊದಲ ರಿಂಗಿಗೇ ಎತ್ತಿದ್ರಾ?" ಜೆರಾಕ್ಸಿನವನು ಕಣ್ಣು ಕಿರಿದು ಮಾಡಿದ. "ಮಿಕ ಬೀಳ್ಲಿ ಅಂತ ಕಾಯ್ತಾ ಕೂತಿದಾರೆ."

ಇನ್ನೊಮ್ಮೆ ಮಾಡಿದ. ಈ ಸಲ ಯಾರೂ ಎತ್ತಲಿಲ್ಲ.

"ನೋಡು, ಅಂಗಡಿ ಮುಚ್ಕೊಂಡು ಓಡ್ಹೋದ್ರು!"

ಮಧ್ಯಾಹ್ನದ ಹೊತ್ತಿಗೆ ನೆರಳಪ್ಪ ಎರಡು ಸಲ ಹೋಗುವುದೆಂದೂ ಮೂರು ಸಲ ಬೇಡವೆಂದೂ ತೀರ್ಮಾನಿಸಿ, ಒಬ್ಬರ ಮೊಣಕಾಲಿನ ಬದಲು ಮೊಣಕೈಯ ಎಕ್ಸ್‌ರೇ ತೆಗೆದಿದ್ದ. ಆಗ ರಿಸೆಪ್ಶನ್ನಿನ ಹುಡುಗಿಯೇ ಅಂದಳು: "ಅವ್ರು ನಿನ್ನ ಪರೀಕ್ಷೆ ಮಾಡಿದಾರೆ. ನೀನು ಅವರನ್ನ ಮಾಡೋದು ಬೇಡ್ವಾ?"

ನೆರಳಪ್ಪನ ಮುಖ ಟ್ಯೂಬ್‌ಲೈಟಿನಂತೆ ಎರಡು ಸಲ ಮಿಟುಕಿ ಬೆಳಗಿತು. ಕಂಪ್ಯೂಟರಿನಲ್ಲಿ ಅವನ ಅಜ್ಜಿಯ ಎದೆಯ ಎಕ್ಸ್‌ರೇ ಇತ್ತು. ಹೃದಯದ ಬಡಿತ ಕಾಯಲು ಇಟ್ಟ ಪೇಸ್‌ಮೇಕರ್ ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ, ತಂತಿಸಮೇತ ಕಾಣುತ್ತಿತ್ತು. ಅದಕ್ಕೆ ತನ್ನ ಹೆಸರು ಹಾಕಿ ಕಳಿಸುವುದು. ಅದೂ ಕಣ್ಣಿಗೆ ಬೀಳದಿದ್ದರೆ ಆ ಕಾಲೇಜಿನಲ್ಲಿ ಡಾಕ್ಟರೇ ಇಲ್ಲ ಎಂದರ್ಥ.

ಅಜ್ಜಿಗೆ ಫೋನ್ ಮಾಡಿ ಕೇಳಿದ.

"ನನ್ನ ಎದೆ ತಾನೇ? ಕಳಿಸು ಮಗಾ. ನಾನಂತೂ ಫಾರಿನ್ ನೋಡ್ಲಿಲ್ಲ, ಅದಾದ್ರೂ ಹೋಗ್ಬರ್ಲಿ."

ಮೂರೂವರೆಗೆ ಅಜ್ಜಿಯ ಎದೆ ಸಮುದ್ರ ದಾಟಿತು. ನಾಲ್ಕೂಕಾಲಿಗೆ ಉತ್ತರ ಬಂತು. ನೆರಳಪ್ಪ ಗಟ್ಟಿಯಾಗಿ ಓದಿದ: "ಚಿತ್ರದಲ್ಲಿರುವವರು ಎಪ್ಪತ್ತು ದಾಟಿದ ಮಹಿಳೆ. ಪೇಸ್‌ಮೇಕರ್ ಇದೆ. ಬಲಗಡೆಯ ಏಳನೆಯ ಪಕ್ಕೆಲುಬಿನಲ್ಲಿ ಹಳೆಯ ಬಿರುಕೂ ಇದೆ."

"ಬಿರುಕಾ?" ಸೆಂಟರಿನ ಡಾಕ್ಟರು ಒಳಗಿನಿಂದ ಎದ್ದು ಬಂದರು. ಆ ಎಕ್ಸ್‌ರೇಗೆ 'ಪಕ್ಕೆಲುಬು ಸರಿಯಾಗಿವೆ' ಎಂದು ವರದಿ ಬರೆದವರು ಅವರೇ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನೆರಳಪ್ಪ ಮತ್ತೆ ಫೋನ್ ಮಾಡಿದಾಗ ಅಜ್ಜಿ ಅಂದಳು, "ಹೂಂ ಮತ್ತೆ, ಮೆಟ್ಟಿಲಿಂದ ಬಿದ್ದಿರ್ಲಿಲ್ವಾ! ನಿಮ್ಮ ಡಾಕ್ಟ್ರು ಅದನ್ನ ಗ್ಯಾಸು ಅಂದ್ರು."

"ಅಸಲಿ! ಅಸಲಿ ಕಾಲೇಜು!" ನೆರಳಪ್ಪ ನೆಗೆದ ರಭಸಕ್ಕೆ ತಲೆ ಎಕ್ಸ್‌ರೇ ಟ್ಯೂಬಿಗೆ ಬಡಿಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಯಾವುದರ ಮೇಲೂ ಅನುಮಾನವಿರಲಿಲ್ಲ. ತಲೆ ಉಜ್ಜಿಕೊಳ್ಳುತ್ತಲೇ ಒಪ್ಪಿಗೆ ಬರೆಯಲು ಕೂತ.

"ಕೆಳಗೆ ಇನ್ನೂ ಏನೋ ಇದೆ, ಓದು," ಅಂದಳು ಹುಡುಗಿ.

ಇತ್ತು. "ಬೇರೆಯವರ ಎಕ್ಸ್‌ರೇಗೆ ತಮ್ಮ ಹೆಸರು ಹಾಕುವವರನ್ನು ರೋಗಿಗಳ ಹತ್ತಿರ ಬಿಡಲು ನಾವು ಸಿದ್ಧರಿಲ್ಲ. ನಿಮ್ಮ ಪ್ರವೇಶವನ್ನು ರದ್ದುಮಾಡಿ, ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ ಸೀಟು ಕೊಡಲಾಗಿದೆ."

ಅಷ್ಟರಲ್ಲಿ ಹುಡುಗಿಯ ಫೋನ್ ಟಿಂಗ್ ಎಂದಿತು. ಅವಳು ಓದಿದಳು, ಚಕಚಕನೆ ಒಂದು ಸಾಲು ಬರೆದಳು, ಕಳಿಸಿದಳು.

"ಏನದು?" ನೆರಳಪ್ಪ ಕೇಳಿದ.

"ಒಪ್ಪಿಗೆ."

ಅವನು ಅವಳ ಫೋನಿಗೆ ಇಣುಕಿದ; ಅದೇ ಕಾಲೇಜಿನ ಪತ್ರ. "ನೀನೂ ಅರ್ಜಿ ಹಾಕಿದ್ಯಾ? ಒಂದು ಮಾತು ಹೇಳ್ಲಿಲ್ಲ!"

"ಹೇಳಿದ್ರೆ ನನ್ನ ಮೇಲೂ ಅನುಮಾನ ಪಡ್ತಿದ್ದೆ."

"ಮತ್ತೆ ನಿಂಗೆ ಅನುಮಾನ ಇಲ್ವೇನೇ?"

"ಇತ್ತಪ್ಪ, ಬೇಕಾದಷ್ಟಿತ್ತು. ನೀನೇ ಪರೀಕ್ಷೆ ಮಾಡಿ ಅಸಲಿ ಅಂತ ತೋರಿಸ್ಕೊಟ್ಯಲ್ಲ." ಅವಳು ಗಡಿಯಾರ ನೋಡಿ ಎದ್ದಳು. "ಬಾ ಬಾ, ಐದರೊಳಗೆ ನನ್ನ ಎಕ್ಸ್‌ರೇ ಹೋಗ್ಬೇಕಂತೆ."

ನೆರಳಪ್ಪ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, ಗಾಜಿನ ಹಿಂದೆ ಹೋದ. "ಉಸಿರು ಎಳ್ಕೊ... ಹಿಡ್ಕೊ."

ಚಿತ್ರ ಪರದೆಗೆ ಬಂತು. ಶುದ್ಧವಾದ ಶ್ವಾಸಕೋಶ. ಹೃದಯ ಇರಬೇಕಾದಲ್ಲೇ ಇತ್ತು. ಅವನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ, ಒಂದೊಂದೇ ಪಕ್ಕೆಲುಬು ಎಣಿಸುತ್ತ ಮೇಲಿನಿಂದ ಕೆಳಕ್ಕಿಳಿದ. ಏಳನೆಯದನ್ನು ಎರಡೆರಡು ಸಲ ದೊಡ್ಡದು ಮಾಡಿ ನೋಡಿದ.

ಯಂತ್ರದ ಮುಂದಿನಿಂದ, ಯಾರೋ ಕತ್ತು ಹಿಸುಕಿದಂಥ ದನಿಯಲ್ಲಿ ಹುಡುಗಿ ಕೇಳಿದಳು: "ಉಸಿರು ಬಿಡ್ಲಾ?"